ಹಳೇ ಸೆಲ್ಲಿನ ಹಾಡು

ನಗೆಯ ಪ್ರಸಂಗಗಳನ್ನು ನಾವು ಯಾವತ್ತೂ ಹುಡುಕಿಕೊಂಡು ಹೋದವರಲ್ಲ. ನಮ್ಮ ಮನೆಯ ದಾರಿ ಅವಕ್ಕೇ ಚೆನ್ನಾಗಿ ಗೊತ್ತು. ಮದುವೆಗೆ ಹೊರಟರೂ, ಆಸ್ಪತ್ರೆಗೆ ಹೊರಟರೂ ಒಂದಲ್ಲ ಒಂದು ಪ್ರಸಂಗ ಬಾಗಿಲಲ್ಲೇ ಕಾದಿರುತ್ತದೆ. ನಾನು ಕಾರವಾರದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಅದೇ ಊರಿನ ಒಂದು ಕಚೇರಿಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡಿದವಳು. ತವರು, ಗಂಡನ ಮನೆ ಎರಡರಲ್ಲೂ ಡಿಗ್ರಿ ಪಡೆದ ಮೊದಲ ಹೆಂಗಸು ನಾನೇ ಎಂಬುದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಮನೆಯಲ್ಲಿ ನಡೆದದ್ದನ್ನು ತಾರೀಖು ಹಾಕಿ ಬರೆದಿಡುವುದು ನನ್ನ ಅಭ್ಯಾಸ. "ಬೆಕ್ಕು ಮರಿ ಹಾಕಿದ್ದಕ್ಕೂ ನಮ್ಮಲ್ಲಿ ದಾಖಲೆ ಇದೆ" ಎಂದು ಈಗ ನನ್ನ ಸೊಸೆ ಬಂದವರಿಗೆಲ್ಲ ಹೇಳಿ ನಗುತ್ತಾಳೆ. ಇದೆ. ಮರಿಗಳ ಬಣ್ಣ ಸಮೇತ ಇದೆ.

ಇಲ್ಲಿ ಹೇಳುವುದೆಲ್ಲ ತೊಂಬತ್ತರ ದಶಕದ ಒಂದು ಚಳಿಗಾಲದ್ದು. ಎಲ್ಲದಕ್ಕೂ ಕಾರಣ ಒಂದು ಕ್ಯಾಸೆಟ್ಟು. ಅದನ್ನು ಮಾಡಿದವರು ಯಾರೋ, ಯಾವ ದೇಶದವರೋ ಗೊತ್ತಿಲ್ಲ. ಉಪಕಾರ ಸ್ಮರಿಸಿ ಕಾಗದ ಬರೆಯೋಣವೆಂದರೆ ವಿಳಾಸವಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇತರೆ

ಆ ಮಳೆಗಾಲದಲ್ಲಿ ನನ್ನ ಅತ್ತೆ ಅಗಸೂರಿನ ಮನೆಯ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಕಾರವಾರದ ನಮ್ಮ ಮನೆಗೆ ಕರೆತಂದು ಪ್ಲಾಸ್ಟರ್ ಹಾಕಿಸಿದೆವು. ದೀಪಾವಳಿ ಕಳೆದ ಮೇಲೆ ಅದನ್ನು ಬಿಚ್ಚಿದ ಡಾಕ್ಟರು, "ಮೂಳೆ ಚೆನ್ನಾಗಿ ಕೂಡಿದೆ. ಇನ್ನು ನಡೀಬೇಕು. ಕೂತೇ ಇದ್ದರೆ ಮೊಣಕಾಲು ಹಾಗೇ ಬಿಗಿದುಹೋಗ್ತದೆ" ಎಂದರು. ಅತ್ತೆ ಎಲ್ಲ ಕೇಳಿಸಿಕೊಂಡರು. ಮನೆಗೆ ಬಂದು ಕೂತೇ ಇದ್ದರು.

ಅಗಸೂರಿನಲ್ಲಿ ಹೋಳಿಯ ಹೊತ್ತಿಗೆ ಸುಗ್ಗಿ ಮೇಳದವರು ಚರ್ಮ ಬಿಗಿದ ಮಣ್ಣಿನ ಗುಮಟೆ ಬಾರಿಸುತ್ತ ಅಂಗಳಕ್ಕೆ ಬಂದು ಕುಣಿಯುತ್ತಾರೆ. ಅವರಿಗೆ ಅಕ್ಕಿ, ತೆಂಗಿನಕಾಯಿ ಇಟ್ಟ ಹರಿವಾಣ ಕೊಡುವುದು ಮನೆಯ ಹಿರಿಯ ಹೆಂಗಸು. ಜಗಲಿಯ ಮೇಲಿಂದ ಚಾಚಿದರೆ ಆಗದು, ಅಂಗಳದ ನಡುವಿಗೆ ನಡೆದುಹೋಗಿ ಕೊಡಬೇಕು. ಅತ್ತೆ ಆ ಹರಿವಾಣವನ್ನು ಬೇರೆಯವರಿಗೆ ಮುಟ್ಟಲು ಬಿಟ್ಟವರಲ್ಲ. ನಾನು ತೊಳೆದಿಟ್ಟರೆ, ಬಿ.ಎ. ಆದವಳ ಕೈಯಲ್ಲಿ ಹಿತ್ತಾಳೆ ಬೆಳಗೂದಿಲ್ಲ ಎಂದು ಮತ್ತೊಮ್ಮೆ ತಿಕ್ಕುತ್ತಿದ್ದರು. ಅಂಥವರು ಒಂದು ಸಂಜೆ ನನ್ನನ್ನು ಮಂಚದ ಹತ್ತಿರ ಕರೆದು, "ಈ ಸಲ ಹರಿವಾಣ ನೀನೇ ಕೊಡು ತಂಗಿ. ನನ್ನ ಕಾಲಿನ ಕತೆ ಮುಗೀತು" ಎಂದರು. ಅವರು ಬೈದಾಗ ನಾನು ಎಂದೂ ಹೆದರಿದವಳಲ್ಲ. ಅವತ್ತು ಹೆದರಿದೆ.

ಕ್ರಿಸ್‌ಮಸ್ ಮುಗಿದ ಮೇಲೆ ಮೈದುನ ಬಂದ. ಗೋವಾದ ಕಡಲ ತೀರದ ಹೋಟೆಲೊಂದರಲ್ಲಿ ಅಡಿಗೆಯವನು. ಅಲ್ಲಿ ಉಳಿದಿದ್ದ ಪರದೇಶದ ಹುಡುಗನೊಬ್ಬ ಇವನ ಮೀನು ಸಾರಿಗೆ ಮೆಚ್ಚಿ ಕೊಟ್ಟ ಕ್ಯಾಸೆಟ್ಟನ್ನು ತಂದಿದ್ದ. ಮೇಲೆ ಹೆಸರಿಲ್ಲ, ಚಿತ್ರವಿಲ್ಲ.

"ಇದರಲ್ಲಿ ಟೆಕ್ನೋ ಅದೆ, ಹೌಸ್ ಅದೆ, ಮತ್ತೆ ಏನೇನೋ ಕೂಡಿಸಿದಾರೆ ಅತ್ತಿಗೆ."

"ಹೌಸ್ ಅಂದರೆ ಮನೆಯಲ್ಲಿ ಕೂತು ಕೇಳುವುದೋ?"

"ಅಯ್ಯೋ, ಇದು ಕುಣಿಯೂ ಹಾಡು. ಮನೇಲಿ ಕೂತು ಕೇಳಿದವರು ಯಾರೂ ಇಲ್ಲ."

ನಮ್ಮ ಕ್ಯಾಸೆಟ್ಟಿನ ಕಪಾಟಿನಲ್ಲಿ ನಾನು ಖಾನೆ ಮಾಡಿ ಚೀಟಿ ಅಂಟಿಸಿದ್ದೆ: ಭಜನೆ, ನಾಟ್ಯಗೀತೆ, ಸಿನೆಮಾ, ಯಕ್ಷಗಾನ, ವಾದ್ಯ. ಇದನ್ನು ಎಲ್ಲಿ ಇಡುವುದೆಂದು ತಿಳಿಯಲು ಎರಡೂ ಬದಿ ಕೇಳಿದೆ. ಒಂದು ಡುಬ್ ಡುಬ್ ಶುರುವಾಗುತ್ತದೆ, ನಿಲ್ಲುವುದೇ ಇಲ್ಲ. ಅದರ ಮೇಲೆ ಪಿಯಾನೋ. ಆಮೇಲೆ ಒಬ್ಬ ಹೆಂಗಸು ಇಗರ್ಜಿಯಲ್ಲಿ ಹಾಡಿದ ಹಾಗೆ ಹಾಡುತ್ತಾಳೆ. ಮಾತಿಲ್ಲ, ಬರೀ ಆಲಾಪ. ನಡುವೆ ಕೊಳಲು, ನೀರಿನ ಸದ್ದು, ಕಬ್ಬಿಣ ಕುಟ್ಟಿದ ಸದ್ದು, ಎಲ್ಲಿಯದೋ ಚರ್ಮದ ವಾದ್ಯ. ಕಾರವಾರದಿಂದ ಅಂಕೋಲೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಮೀನಿನ ಬುಟ್ಟಿ, ಅಬ್ಬಲಿ ಹೂವಿನ ದಂಡೆ, ಶಾಲೆ ಮಕ್ಕಳು, ಗುಮಾಸ್ತರು ಎಲ್ಲ ಒತ್ತಿಕೊಂಡು ಹೋಗುತ್ತಾರಲ್ಲ, ಹಾಗೆ ಎಲ್ಲವೂ ಒಂದರೊಳಗೆ ಒಂದು. ಆದರೆ ಯಾರದೂ ಯಾರ ಜೊತೆಗೂ ಜಗಳವಿಲ್ಲ. ನನಗೆ ನಮ್ಮ ಕಚೇರಿಯ ಟೈಪಿಂಗ್ ಕೋಣೆ ನೆನಪಾಯಿತು. ಎಲ್ಲ ಯಂತ್ರಗಳೂ ಒಟ್ಟಿಗೆ ಓಡುವಾಗ ನಾನು ಮೇಜಿನ ಕೆಳಗೆ ಕಾಲು ಕುಣಿಸುತ್ತಿದ್ದದ್ದು ಯಾರಿಗೂ ಗೊತ್ತಿಲ್ಲ.

"ವಾದ್ಯದಲ್ಲಿ ಇಡು" ಎಂದರು ನನ್ನ ಯಜಮಾನರು.

"ಹೆಂಗಸು ಹಾಡ್ತಾಳಲ್ಲ?"

"ಹಾಗಾದರೆ ಹಾಡಿನಲ್ಲಿ ಇಡು."

"ಮಾತೇ ಇಲ್ಲವಲ್ಲ?"

ಕೊನೆಗೆ ಕಚೇರಿಯಲ್ಲಿ ದಿಕ್ಕು ತೋಚದ ಫೈಲಿಗೆ ಏನು ಬರೆಯುತ್ತೇವೋ ಅದನ್ನೇ ಬರೆದೆ: ಇತರೆ. ಯಜಮಾನರು ಚೀಟಿ ನೋಡಿ, "ಮುಗೀತು. ನಿಮ್ಮ ಕಚೇರಿಯಲ್ಲಿ ಇತರೆಗೆ ಹೋದದ್ದು ಯಾವುದಾದರೂ ಮತ್ತೆ ಯಾರ ಕೈಗಾದರೂ ಸಿಕ್ಕಿದೆಯಾ?" ಎಂದರು.

ಬೆಕ್ಕು ಮತ್ತು ಬಂಗಡೆ

ಸಿಕ್ಕಿತು, ಮರುದಿನವೇ ಸಿಕ್ಕಿತು. ಬೆಳಿಗ್ಗೆ ಮೈದುನ ಅದನ್ನು ಹಾಕಿದ್ದಾಗ ಬೈತಖೋಲದಿಂದ ಮೀನು ತರುವಾಕೆ ಬಾಗಿಲಿಗೆ ಬಂದಳು. ನಮಗೆ ದಿನಾ ಮೀನು ಕೊಡುವವಳು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಅರ್ಧ ಕನ್ನಡ. ಬುಟ್ಟಿ ಇಳಿಸಿ, "ಹೆಂ ಕಿತೆಂ ವೈನಿ? ಎಂತದು ಇದು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಬಂದು ನೆಲದ ಮೇಲೆ ಕೂತುಬಿಟ್ಟಳು.

"ನನ್ನ ಗಂಡನ ಟ್ರಾಲರ್ ಬಂದರದೊಳಗೆ ಬರೂವಾಗ ಇದೇ ಸದ್ದು. ಗಾಳಿ ಜೋರಿದ್ದ ದಿವಸ ನಾನು ದಕ್ಕೆ ಮೇಲೆ ನಿಂತು ಇದನ್ನೇ ಕಾಯೂದು. ಇದು ಕೇಳ್ತು ಅಂದ್ರೆ ಬಂದ ಅಂತ ಅರ್ಥ. ಸ್ವಲ್ಪ ಜೋರಾಗಿ ಇಡಿ."

ಜೋರಾಗಿ ಇಟ್ಟೆವು. ಅವಳು ಕಣ್ಣು ಮುಚ್ಚಿ ಕೇಳಿದಳು, ನಾವು ಅವಳನ್ನು ನೋಡುತ್ತ ಕೂತೆವು. ಎದ್ದು ಹೊರಗೆ ಹೋದವಳು ಕೂಗಿಕೊಂಡಳು. ಬುಟ್ಟಿಯ ಮೇಲಿನ ಬಂಗಡೆಗಳು ಮಾಯ. ನಮ್ಮ ಬೆಕ್ಕು ತುಳಸಿಕಟ್ಟೆಯ ಹಿಂದೆ ಮೀಸೆ ನೆಕ್ಕುತ್ತಿತ್ತು.

ಅತ್ತೆಯ ಮಂಚ ಕಿಟಕಿಯ ಪಕ್ಕದಲ್ಲೇ. ಅಲ್ಲಿಂದ ಬಾಗಿಲು, ಬುಟ್ಟಿ, ಬೆಕ್ಕು ಎಲ್ಲ ಕಾಣುತ್ತದೆ. "ನೀವು ನೋಡಲಿಲ್ಲವಾ ಅತ್ತೆ?" ಎಂದು ಕೇಳಿದೆ.

"ನೋಡದೆ ಎಂತದು? ಎರಡು ಸಲ ಬಂತು."

"ಹಾಗಾದರೆ ಒಂದು ಮಾತು ಹೇಳಬಾರದಿತ್ತಾ?"

"ಹೇಳೂಕೇ ಹೊರಟಿದ್ದೆ. ಆ ಹೆಂಗಸು ಪಾಪ, ಅಷ್ಟು ಚೆಂದ ರಾಗ ಎಳೀತಿತ್ತು. ಅದು ಮುಗೀಲಿ ಅಂತ ಕಾದೆ."

ಡಾಕ್ಟರಿಗೆ ಸಂಶಯ

ಅಂದಿನಿಂದ ನಾನು ಬೆಳಿಗ್ಗೆ ಒಂದು ಬದಿ, ಸಂಜೆ ಒಂದು ಬದಿ ಹಾಕತೊಡಗಿದೆ. ಒಂದು ದಿನ ಹೊದಿಕೆಯ ಕೆಳಗೆ ಏನೋ ಅಲ್ಲಾಡಿತು. ಡುಬ್ ಅಂದಾಗ ಒಮ್ಮೆ, ಮತ್ತೆ ಡುಬ್ ಅಂದಾಗ ಒಮ್ಮೆ.

"ಅತ್ತೆ, ನಿಮ್ಮ ಕಾಲು ಆಡ್ತಾ ಇದೆ!"

"ನಂದಲ್ಲ."

"ನಿಮ್ಮ ಹೊದಿಕೆಯೊಳಗೆ ಇನ್ಯಾರ ಕಾಲು?"

"ಇಲಿ ಇರ್ಬೇಕು. ನಿಮ್ಮ ಬೆಕ್ಕು ಬಂಗಡೆ ಬಿಟ್ಟು ಇಲಿ ಹಿಡೀತದ್ಯೇನೇ?"

ಆ ಇಲಿ ಒಂದು ವಾರದೊಳಗೆ ಮಂಚದಿಂದ ಇಳಿಯಿತು. ಅತ್ತೆ ಕಿಟಕಿಯ ಸರಳು ಹಿಡಿದು ಎದ್ದು ನಿಂತು, ನಿಂತಲ್ಲೇ ಮೊಣಕಾಲು ಬಗ್ಗಿಸಿ ತಾಳ ಹಾಕತೊಡಗಿದರು. "ನಮ್ಮ ಗುಮಟೆಯದೇ ಪೆಟ್ಟು. ಪರದೇಶದವರಿಗೆ ಹೇಗೆ ಗೊತ್ತಾಯ್ತೋ" ಎನ್ನುತ್ತಿದ್ದರು. ಹೆಜ್ಜೆ ಮಾತ್ರ ಇಡಲಿಲ್ಲ. ಆದರೂ ಸಂತೋಷದಿಂದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಅವರು ಮೊಣಕಾಲು ಬಗ್ಗಿಸಿ ನೋಡಿ ಬೆರಗಾದರು.

"ಭಾರೀ ಸುಧಾರಣೆ! ಏನು ಕೊಡ್ತಾ ಇದ್ದೀರಿ ಇವರಿಗೆ?"

"ಮೈದುನ ಗೋವಾದಿಂದ ತಂದದ್ದು ಡಾಕ್ಟರೇ" ಎಂದೆ. "ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಈ ವಯಸ್ಸಿನಲ್ಲಿ ಅದೆಲ್ಲ ಒಳ್ಳೇದಲ್ಲಮ್ಮ. ನೀವು ಓದಿದವರು."

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ನನ್ನ ಪರವಾಗಿ ನಿಂತರು. "ಅವಳಿಗೆ ಎಂತಕೆ ಬೈತ್ರಿ? ಅದಿಲ್ದೆ ಹೋದ್ರೆ ನಾನು ಏಳೂದೇ ಇಲ್ಲ. ನನ್ನ ಸೊಸೆ ಬಿ.ಎ. ಓದಿದವಳು, ದಿನಾ ತಪ್ಪದೇ ಅವಳೇ ಕೊಡೂದು. ಒಂದೊಂದು ದಿವಸ ಸ್ವಲ್ಪ ಹೆಚ್ಚು ಕೇಳಿದ್ರೂ ಇಲ್ಲ ಅನ್ನೂದಿಲ್ಲ. ಮೀನಿನವಳಿಗೂ ಕೊಡ್ತಾಳೆ."

ನನ್ನ ಡಿಗ್ರಿಯನ್ನು ಅತ್ತೆ ಹೊರಗಿನವರೆದುರು ಹೊಗಳಿದ್ದು ಅದೇ ಮೊದಲು. ಅದಕ್ಕೆ ಇಂಥ ಸಂದರ್ಭವೇ ಬೇಕಿತ್ತೇ! ಯಜಮಾನರು ನಗು ತಡೆದುಕೊಂಡು ವಿಷಯ ಬಿಡಿಸಿ ಹೇಳಿದರು. ಡಾಕ್ಟರು ಬಹಳ ಹೊತ್ತು ನಕ್ಕರು. ಮುಂದಿನ ಸಲ ಹೋಗುವಾಗ ಕ್ಯಾಸೆಟ್ಟು ತರಲು ಹೇಳಿ, ತಂದದ್ದನ್ನು ತಮ್ಮ ಕೋಣೆಯಲ್ಲೇ ಹಾಕಿ ಕೇಳಿದರು. ಹೊರಗೆ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ ರೋಗಿಯೊಬ್ಬ ಕಾಂಪೌಂಡರನ್ನು ಕರೆದು ಮೆಲ್ಲಗೆ ಕೇಳಿದ: "ಒಳಗೆ ಮೂಳೆ ಕೂಡಿಸೂದು ಮಷೀನಲ್ಲೋ?"

ಅಂಗಡಿಯವರ ಅನುಭವ

ಮೊದಲ ಹೆಜ್ಜೆ ಬಿದ್ದದ್ದು ಕರೆಂಟು ಹೋದ ದಿನ. ಟೇಪ್ ರೆಕಾರ್ಡರಿಗೆ ಸೆಲ್ ಹಾಕಿದೆವು. ಟಾರ್ಚಿನಲ್ಲಿ ಸವೆದು ಸುಸ್ತಾಗಿದ್ದ ಸೆಲ್ಲುಗಳು. ಹಾಡು ಎಳೆದೆಳೆದು ಬಂತು. ಆಲಾಪದ ಹೆಂಗಸು ನೆಗಡಿಯಾದ ಗಂಡಸಾದಳು. ಡುಬ್ ಡುಬ್ ಅನ್ನುವುದು ಡುಬ್... ಡುಬ್... ಆಯಿತು. ನಾನು ಬಂದ್ ಮಾಡಲು ಕೈ ಚಾಚಿದೆ.

"ತಡಿ" ಎಂದರು ಅತ್ತೆ. ಸರಳು ಬಿಟ್ಟರು. ಒಂದು ಡುಬ್ಬಿಗೆ ಎಡಗಾಲು, ಮತ್ತೊಂದು ಡುಬ್ಬಿಗೆ ಬಲಗಾಲು. ಅಡಿಗೆಮನೆಯ ಹೊಸ್ತಿಲ ತನಕ ನಡೆದು, ಒಲೆಯ ಕಡೆ ನೋಡಿ, "ಸಾರು ಉಕ್ತಾ ಅದೆ, ಯಾರೂ ನೋಡೂದಿಲ್ವೇನೇ?" ಎಂದರು. ಆ ಬೈಗುಳ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಸಾರು ಅಷ್ಟೂ ಉಕ್ಕಿಹೋಯಿತು.

ಯಜಮಾನರು ಹಿಗ್ಗಿ ಪೇಟೆಗೆ ಓಡಿ ಹೊಚ್ಚ ಹೊಸ ಸೆಲ್ ತಂದು ಹಾಕಿದರು. ಹಾಡು ಕುದುರೆಯ ಹಾಗೆ ಓಡಿತು. ಅತ್ತೆ ಒಂದು ಹೆಜ್ಜೆಯೆತ್ತಿ, ಇಡಲಾಗದೆ, ಗೋಡೆ ಹಿಡಿದು ನಿಂತರು.

"ಇದು ಬೇರೆಯವರ ಹಾಡು. ನಂದು ಎಲ್ಲಿ?"

"ಅದೇ ಅಮ್ಮ, ಸೆಲ್ ಮಾತ್ರ ಹೊಸದು."

"ನಿಂಗೆ ಯಾರು ಹೇಳಿದ್ರು ಹೊಸದು ತರೂಕೆ? ನಂಗೆ ಹಳೇ ಸೆಲ್ಲಿನ ಹಾಡೇ ಬೇಕು!"

ಆಮೇಲೆ ನಮ್ಮ ಪಾಡು ಕೇಳಬೇಡಿ. ನೆರೆಮನೆಗಳ ಟಾರ್ಚು, ರೇಡಿಯೋ, ಗೋಡೆ ಗಡಿಯಾರ ಒಂದೂ ಬಿಡದೆ ಹಳೇ ಸೆಲ್ ಬೇಡಿ ತಂದೆವು. ಹೊಸದು ಕೊಟ್ಟು ಹಳೇದು ಒಯ್ಯುವ ನಮ್ಮನ್ನು ಎಲ್ಲರೂ ಪ್ರೀತಿಯಿಂದ ಕಂಡರು. ತೀರಾ ಸತ್ತದ್ದೂ ಆಗದು, ಸಾಯಲು ಹೊರಟದ್ದು ಬೇಕು. ಕೊನೆಗೆ ನಾನೇ ಪೇಟೆಯ ಅಂಗಡಿಗೆ ಹೋಗಿ, "ಹಳೇ ಸೆಲ್ ಇದ್ದರೆ ಕೊಡಿ, ಹೊಸದರ ದರವನ್ನೇ ಕೊಡ್ತೇನೆ" ಎಂದೆ.

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೊಸದು ಅಂತ ಹೇಳಿ ಹಳೇದು ಕೊಟ್ಯಲ್ಲ ಅಂತ ಜಗಳಕ್ಕೆ ಬಂದವರನ್ನ ಕಂಡಿದ್ದೇನೆ ವೈನಿ. ಹಳೇದೇ ಬೇಕು ಅಂತ ಬಂದವರು ನೀವೊಬ್ಬರೇ. ಮೊದಲೇ ಹೇಳಿದ್ರೆ ನಂಗೂ ಇಷ್ಟು ವರ್ಷ ಸುಳ್ಳು ಹೇಳೂದು ತಪ್ತಿತ್ತು."

ಅಂಗಳದ ನಡುವೆ

ಹೋಳಿಗೆ ಅಗಸೂರಿಗೆ ಹೊರಟೆವು. ಬಾಳೆಗುಳಿ ಕ್ರಾಸಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಯಜಮಾನರು ಟೇಪ್ ರೆಕಾರ್ಡರನ್ನು ಹೆಗಲ ಮೇಲೆ ಇಟ್ಟುಕೊಂಡು ಮುಂದೆ, ಅತ್ತೆ ಡುಬ್... ಡುಬ್... ಎಂದು ಹಿಂದೆ, ಹಳೇ ಸೆಲ್ಲಿನ ಚೀಲ ಹಿಡಿದು ನಾನು ಕೊನೆಗೆ. ಹೋಟೆಲಿನಿಂದ ಒಬ್ಬ ಹೊರಗೆ ಬಂದು, "ಸಿನೆಮಾ ಯಾವ ಟಾಕೀಸಿನಲ್ಲಿ?" ಎಂದು ಕೇಳಿದ.

ಗೋವಾದಿಂದ ನೇರ ಅಲ್ಲಿಗೇ ಬಂದಿದ್ದ ಮೈದುನನಿಗೆ ಸೆಲ್ಲಿನ ಕತೆಯನ್ನೆಲ್ಲ ಹೇಳಿದೆವು. ಮರುದಿನ ಅತ್ತೆ ತಾವೇ ಹರಿವಾಣ ತಿಕ್ಕಿ, ತಾವೇ ಅಕ್ಕಿ ಅಳೆದು ಇಟ್ಟರು. ಅಂಗಳದಲ್ಲಿ ಅಷ್ಟು ಜನರೆದುರು ಟೇಪ್ ರೆಕಾರ್ಡರ್ ಹಾಕುವಂತಿಲ್ಲ, ಮೇಳದವರಿಗೆ ಅವಮಾನ. ಅತ್ತೆಯೂ ಅದನ್ನು ಬಲ್ಲರು. "ನಡುವೆ ನಿಂತುಬಿಟ್ರೆ ಹಿಡೀಬೇಡ. ಹರಿವಾಣ ಮಾತ್ರ ತಕ್ಕೊ" ಎಂದು ಕಿವಿಯಲ್ಲಿ ಹೇಳಿದರು.

ಮೇಳ ಬಂತು. ತಲೆಯ ಮೇಲೆ ಬಣ್ಣಬಣ್ಣದ ತುರಾಯಿ, ಕೈಯಲ್ಲಿ ನವಿಲುಗರಿ. ಗುಮಟೆ ಬಾರಿಸುವವರು ಹುರುಪಿನಲ್ಲಿದ್ದರು, ಪೆಟ್ಟು ಬಿರುಸಾಗಿತ್ತು. ಕುಣಿತ ಒಂದು ಸುತ್ತು ಮುಗಿಯಿತು. ಅತ್ತೆ ಹರಿವಾಣ ಎತ್ತಿಕೊಂಡು ಜಗಲಿಯ ಮೆಟ್ಟಿಲು ಇಳಿದರು. ಒಂದು ಹೆಜ್ಜೆ ಇಟ್ಟರು. ಇನ್ನೊಂದಕ್ಕೆ ಕಾಲೆತ್ತಿದರು, ಗುಮಟೆ ಅವರನ್ನು ಬಿಟ್ಟು ಮುಂದೆ ಓಡಿತು. ಅತ್ತೆ ನಿಂತರು. ಹರಿವಾಣದಲ್ಲಿ ಕಾಯಿ ಒಂದು ಬದಿಗೆ ಉರುಳಿತು. ನಾನು ಒಂದು ಮೆಟ್ಟಿಲು ಇಳಿದೆ.

ಆಗ ಅತ್ತೆ ತಲೆಯೆತ್ತಿ, ಗುಮಟೆಯವನಿಗೆ ಇಡೀ ಕೇರಿಗೆ ಕೇಳುವ ಹಾಗೆ ಗದರಿದರು: "ಏ ತಮ್ಮಾ! ಹೊಸ ಸೆಲ್ ಹಾಕ್ಕಂಡು ಬಂದ್ಯೇನೋ? ಹಳೇದು ಹಾಕೋ!"

ಗುಮಟೆ ನಿಂತಿತು. ಬಾರಿಸುವವನು ಅತ್ತೆಯ ಮುಖ ನೋಡಿದ, ಪಕ್ಕದವನ ಮುಖ ನೋಡಿದ. ಆಮೇಲೆ ಮಣ್ಣಿನ ಗುಮಟೆಯನ್ನು ಮಗುಚಿ ಅದರ ಬಾಯಿಯೊಳಗೆ ಇಣುಕಿದ. ಪಕ್ಕದವನೂ ಇಣುಕಿದ. ಮೈದುನ ನಕ್ಕು ನಕ್ಕು ಜಗಲಿಯ ಕಂಬ ಹಿಡಿದುಕೊಂಡೇ, "ನಿಧಾನ ಮಾರಾಯಾ, ನಿಧಾನ ಬಾರಿಸು ಅಂತ!" ಎಂದು ಕೂಗಿದ.

ಡುಬ್... ಡುಬ್... ಗುಮಟೆ ಅತ್ತೆಯ ಕಾಲಿಗೆ ಕಾದು ಕಾದು ಬಂತು. ಕುಣಿಯುವವರೂ ಅದೇ ತಾಳಕ್ಕೆ ಎರಡು ಕಡೆ ಸರಿದು ದಾರಿ ಬಿಟ್ಟರು. ಅತ್ತೆ ಅಂಗಳದ ನಡುವಿಗೆ ನಡೆದು, ಹರಿವಾಣ ಕೊಟ್ಟು, ಯಾರ ಕೈಯನ್ನೂ ಹಿಡಿಯದೆ ತಿರುಗಿ ಬಂದರು. ನಾನು ಆ ಹೊತ್ತಿನಲ್ಲಿ ದೇವರನ್ನು ನೆನೆದೆ, ಡಾಕ್ಟರನ್ನು ನೆನೆದೆ, ಮೀನಿನವಳನ್ನು ನೆನೆದೆ. ಹೆಸರೇ ಗೊತ್ತಿಲ್ಲದ ಆ ಆಲಾಪದ ಹೆಂಗಸನ್ನೂ ನೆನೆದೆ.

ಅತ್ತೆ ಜಗಲಿಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ಮೇಳದವರು ಇನ್ನೂ ಅವರ ಮೇಲಿನ ಮರ್ಯಾದೆಗೆ ಅದೇ ನಿಧಾನದಲ್ಲಿ, ನಿದ್ದೆಗಣ್ಣಿನವರ ಹಾಗೆ ಕಾಲೆತ್ತಿ ಕಾಲಿಡುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ನೋಡಿ, ನನ್ನ ತೋಳು ತಿವಿದರು.

"ನಂದಾಯ್ತಲ್ಲ. ಇನ್ನು ಹೊಸ ಸೆಲ್ ಹಾಕೂಕೆ ಹೇಳೇ. ಪಾಪ, ಹುಡುಗ್ರು ಕುಣೀಲಿ."