ಸೋರೆಬುರುಡೆಯಿಂದ ಪ್ಯಾರಾಚೂಟಿಗೆ

ಚಿಕ್ಕೋಡಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಹೆಂಗಸು ನಾನು. ಮಂದಿ ನನ್ನನ್ನು ಕಂಡು ನಗುವುದು, ನಾನು ಮಂದಿಯನ್ನು ಕಂಡು ನಗುವುದು ದಿನಾ ಇದ್ದದ್ದೇ. ಆದರೆ "ವಿಮಾನದಿಂದ ಜಿಗಿಯೂದು ಕಲೀತೀನಿ, ಒಬ್ಬಾಕಿನ ಜಿಗಿಯೂ ಮಟಾ ಬಿಡೂದಿಲ್ಲ" ಎಂದು ಮನೆಯಲ್ಲಿ ಹೇಳಿದ ದಿನದಿಂದ ಇಂಥ ಪ್ರಸಂಗಗಳು ಕರೆಯದೆಯೇ ಬಾಗಿಲಿಗೆ ಬರತೊಡಗಿದವು.

ಮೂರು ದಾರಿ

ಬೇರೆ ರಾಜ್ಯದ ಒಂದು ತರಬೇತಿ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿದ್ದೆ. ಕಲಿಸುವ ಪದ್ಧತಿ ಮೂರಂತೆ. ಒಂದರಲ್ಲಿ ಪ್ಯಾರಾಚೂಟಿನ ಹಗ್ಗವನ್ನು ವಿಮಾನಕ್ಕೆ ಸಿಕ್ಕಿಸಿರುತ್ತಾರೆ. ಜಿಗಿದ ಕೂಡಲೇ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಪಳಗಿದ ಮೇಲೆ ನಾವೇ ಬಿಚ್ಚಬೇಕು. ಎರಡನೆಯದರಲ್ಲಿ ಮಾಸ್ತರರು ನಮ್ಮನ್ನು ಎದೆಗೆ ಕಟ್ಟಿಕೊಂಡು ಜಿಗಿಯುತ್ತಾರೆ, ಬರಬರುತ್ತ ಒಂದೊಂದೇ ಕೆಲಸ ನಮಗೆ ಒಪ್ಪಿಸುತ್ತಾರೆ. ಮೂರನೆಯದರಲ್ಲಿ ಪ್ಯಾರಾಚೂಟು ನಮ್ಮ ಬೆನ್ನಿಗೇ. ಎರಡೂ ಬದಿಗೆ ಮಾಸ್ತರರು ನಮ್ಮನ್ನು ಹಿಡಿದು ಜಿಗಿಯುತ್ತಾರೆ. ಆಮೇಲೆ ಒಬ್ಬರೇ ಹಿಡಿಯುತ್ತಾರೆ. ಕೊನೆಗೆ ಅವರೂ ಕೈ ಬಿಡುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ವಿವರಿಸಿದೆ. ಅತ್ತೆ ರೊಟ್ಟಿ ಮುರಿಯುತ್ತ ಮೊದಲನೆಯದನ್ನು ತಳ್ಳಿಹಾಕಿದರು. "ನಮ್ಮ ಎಮ್ಮೀನೂ ಹಗ್ಗದಾಗ ಕಟ್ಟೀನಿ. ಆದ್ರೂ ಹರಕೊಂಡು ಹೋಗಿ ಮಂದಿ ಹೊಲಾ ಮೇಯತೈತಿ. ಹಗ್ಗದ ಮಾತು ನನ್ನ ಮುಂದ ಆಡಬ್ಯಾಡ."

ನನ್ನ ಗಂಡ ಎರಡನೆಯದಕ್ಕೆ ಓಟು ಹಾಕಿದರು. "ಎದಿಗೆ ಕಟಗೊಂಡು ಜಿಗಿಯೂದ ಚಲೋ ಯವ್ವಾ. ಏನಾದ್ರೂ ಆದ್ರ ಮಾಸ್ತರನ ನೋಡಕೋತಾನ."

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟ ಚಲೋ ಇದ್ರ ನೀನ ಹೋಗಿ ಕಟಗೋ. ಇಕಿ ಮನ್ಯಾಗ ಇರ್ತಾಳ."

ಆಮೇಲೆ ನನ್ನ ಗಂಡ ಪ್ಯಾರಾಚೂಟಿನ ಬಗ್ಗೆ ಏನೂ ಸಲಹೆ ಕೊಟ್ಟಿಲ್ಲ.

ಕಬ್ಬೂರಿನ ಬಾವಿ

ಮೂರನೆಯ ಪದ್ಧತಿಯನ್ನು ಕೇಳಿದಾಗ ಮಾತ್ರ ಅತ್ತೆಯ ಮುಖ ಅರಳಿತು. ಅವರ ತವರು ಕಬ್ಬೂರು. ಅಲ್ಲಿನ ಬಾವಿಯಲ್ಲಿ ಈಜು ಕಲಿಸುವಾಗ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆಗಳನ್ನು ಕಟ್ಟಿ ನೀರಿಗೆ ಬಿಡುತ್ತಿದ್ದರಂತೆ. ಕೈಕಾಲು ಬಡಿಯುವುದು ರೂಢಿಯಾದಂತೆ ಒಂದೊಂದೇ ಬುರುಡೆ ಬಿಚ್ಚುವುದು.

"ಇದೂ ಹಂಗ ಐತಿ ನೋಡ," ಎಂದರು ಅತ್ತೆ. "ಇಬ್ಬರು ಮಾಸ್ತರು ಅಂದ್ರ ಎರಡು ಬುರುಡಿ. ಆಮ್ಯಾಲೆ ಒಂದು. ಇದ ಖರೇ ಪದ್ಧತಿ. ಹೋಗಿ ಬಾ. ಆದ್ರ ಕೊನೀ ಬುರುಡಿ ಬಿಚ್ಚಬ್ಯಾಡಂತ ಹೇಳ ಅವರಿಗೆ."

ನನಗೆ ಅನುಮಾನ ಬಂತು. "ಅತ್ತಿ, ನಿಮಗ ಈಜು ಬರತೈತಿಲ್ಲರಿ?"

"ಬರದ ಏನು? ಮೀನ ಈಜಿದಂಗ ಈಜತೀನಿ," ಎಂದು ಅತ್ತೆ ತಾಟು ಎತ್ತಿಕೊಂಡು ಎದ್ದರು. "ಬುರುಡಿ ಕಟ್ಟಿದ್ರ."

ಯಾರ ಕಾಲು, ಯಾವ ಬ್ರೇಕು

ಆಗ ನನ್ನ ಹತ್ತಿರ ಕಾರು ಕಲಿಯಲು ಕರೋಶಿಯಿಂದ ನಿವೃತ್ತ ಹೆಡ್ಮಾಸ್ತರರೊಬ್ಬರು ಬರುತ್ತಿದ್ದರು. ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಾಲಕೆಳಗೂ ಒಂದು ಬ್ರೇಕು ಇರುತ್ತದೆ. ಹೆಡ್ಮಾಸ್ತರರು ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಸ್ಟೇರಿಂಗ್ ಬಿಟ್ಟು ದೇವರಿಗೆ ಕೈ ಮುಗಿಯುವವರು. ಕಾರು ನಿಲ್ಲುತ್ತಿದ್ದದ್ದು ನನ್ನ ಕಾಲಿನಿಂದ. ದೇವರು ನಿಲ್ಲಿಸಿದ ಎಂದೇ ಅವರು ನಂಬಿದ್ದರು.

ನಾನು ಹೋಗುವ ಸುದ್ದಿ ಕೇಳಿ ಅವರು ಗಾಬರಿಯಾದರು. "ಅಲ್ರಿ ಬಾಯಾರ, ಮ್ಯಾಲೆ ನಿಮಗ ಬ್ರೇಕ್ ಯಾರು ಹಾಕ್ತಾರ?"

"ಯಾರೂ ಹಾಕೂದಿಲ್ಲರಿ. ಅದಕ್ಕ ಹೊಂಟೀನಿ."

ಅದು ನಿಜವಾಗಿತ್ತು. ಇಷ್ಟು ವರ್ಷ ಮಂದಿ ಓಡಿಸುವ ಗಾಡಿಯಲ್ಲಿ ಕಾಲು ಬ್ರೇಕಿನ ಮೇಲಿಟ್ಟು ಕೂತವಳು ನಾನು. ಯಾರೂ ಹಿಡಿಯದೆ, ಯಾರೂ ತಡೆಯದೆ ಒಮ್ಮೆಯಾದರೂ ಏನಾದರೂ ಮಾಡಲೇಬೇಕು ಎಂಬ ಹಟ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು.

ಹೆಡ್ಮಾಸ್ತರರಿಗೆ ಈ ಮಾತು ಬಹಳ ಹಿಡಿಸಿತು. "ಶಾಬಾಸ್! ನಾಳೆ ನೀವು ಹಿಂದಿನ ಸೀಟಿನ್ಯಾಗ ಕುಂಡ್ರಿ. ನಾನೂ ಒಬ್ಬನ ಓಡಸ್ತೀನಿ."

"ಸರ, ವಿಮಾನದಿಂದ ಜಿಗಿಯೂ ಧೈರ್ಯ ಐತಿ. ಅಷ್ಟು ಧೈರ್ಯ ಇಲ್ಲರಿ."

ಅಂಗಿಯ ತೋಳು

ಕೇಂದ್ರದಲ್ಲಿ ನನಗೆ ಕಲಿಸಿದವರು ಮಿಲಿಟರಿಯಿಂದ ನಿವೃತ್ತರಾದ ಮಾಸ್ತರರು. ಎತ್ತರದ ಆಳು, ಗಿರಿಜಾ ಮೀಸೆ, ಮಾತು ಮರಾಠಿ. ಗಡಿಯವರಾದ ನಮಗೆ ಅದೇನೂ ಹೊಸದಲ್ಲ. ಇಬ್ಬರು ಹಿಡಿದ ಜಿಗಿತಗಳು ಮುಗಿದವು, ಒಬ್ಬರೇ ಹಿಡಿಯುವ ದಿನ ಬಂತು. "ಇವತ್ತು ಗಾಳಿಯಲ್ಲಿ ನಾನು ಕೈ ಬಿಡ್ತೇನೆ. ಹೆದರಬೇಡಿ, ಪಕ್ಕದಲ್ಲೇ ಇರ್ತೇನೆ," ಎಂದರು.

ಜಿಗಿದೆವು. ಅವರು ಕೈ ಬಿಟ್ಟರು. ನನ್ನ ಬಲಗಾಲು ಹಳೆಯ ಚಾಳಿಯಂತೆ ಬ್ರೇಕು ಹುಡುಕಿ ಗಾಳಿಯನ್ನು ಒತ್ತಿತು. ನಾನು ಬುಗುರಿಯಂತೆ ತಿರುಗತೊಡಗಿದೆ, ಕೈಗೆ ಸಿಕ್ಕ ಅವರ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದೆ. ಪ್ಯಾರಾಚೂಟು ಬಿಚ್ಚುವ ಹೊತ್ತಿಗೆ ಅವರು ಜಾಡಿಸಿ ಬಿಡಿಸಿಕೊಳ್ಳಬೇಕಾಯಿತು.

ಕೆಳಗಿಳಿದ ಮೇಲೆ ಕೇಳಿದರು, "ಬಾಯಾರೇ, ನಾನು ಬಿಟ್ಟೆ. ನೀವು ಯಾಕೆ ಬಿಡಲಿಲ್ಲ?"

"ನಿಮಗ ಒಬ್ಬರಿಗೇ ಹೆದರಿಕಿ ಆದೀತಂತ," ಎಂದೆ.

ಅವರು ನಗಲಿಲ್ಲ. ಫೇಲು ಮಾಡಿದರು. ನಾಳೆಯೂ ಹೀಗಾದರೆ ಹಗ್ಗದ ಪದ್ಧತಿಗೇ ಹಾಕಿ ಮೊದಲಿನಿಂದ ಕಲಿಸುತ್ತೇನೆ ಎಂದರು. ನನ್ನ ಕಣ್ಣಮುಂದೆ ಅತ್ತೆಯ ಎಮ್ಮೆ ಬಂದು ನಿಂತಿತು.

ಕೊನೆಯ ಬುರುಡೆ

ಮರುದಿನ ಮತ್ತೆ ವಿಮಾನ ಏರಿದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಇವತ್ತು ಬಿಡದಿದ್ದರೆ ಇನ್ನೆಂದೂ ಬಿಡಲಾರೆ ಎಂಬುದೂ ಗೊತ್ತಿತ್ತು.

ಜಿಗಿದೆವು. ಮಾಸ್ತರರು ಕೈ ಬಿಟ್ಟರು. ನನ್ನ ಕೈ ಅವರ ತೋಳಿನ ಕಡೆ ಹೊರಟೇಬಿಟ್ಟಿತ್ತು. ಹಲ್ಲು ಕಚ್ಚಿ ಹಿಂದಕ್ಕೆ ಎಳೆದುಕೊಂಡೆ. ಬಲಗಾಲಿಗೆ "ಸುಮ್ಮ ಇರಬೇ" ಎಂದು ಬೈದೆ. ತಿರುಗಲಿಲ್ಲ. ಯಾರೂ ಹಿಡಿದಿರಲಿಲ್ಲ, ಆದರೂ ನೆಟ್ಟಗೆ ಬೀಳುತ್ತಿದ್ದೆ. ಹೇಳಿದ ಎತ್ತರಕ್ಕೆ ಬಂದಾಗ ಪ್ಯಾರಾಚೂಟನ್ನು ನಾನೇ ಬಿಚ್ಚಿದೆ. ತೇಲಿ ಇಳಿಯುವಾಗ ಅಳುವೂ ಬಂತು, ನಗುವೂ ಬಂತು. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಮಾಸ್ತರರು "ಪಾಸ್!" ಎಂದು ಬೆನ್ನು ತಟ್ಟಿದರು. ನಾನು ಕೂಡಲೇ ಮನೆಗೆ ಫೋನ್ ಹಚ್ಚಿದೆ. "ಅತ್ತಿ, ಮಾಸ್ತರು ಕೈ ಬಿಟ್ಟರ್ರಿ! ಒಬ್ಬಾಕಿನ ಹಾರಿದೆ!"

ಆ ಕಡೆ ಎಮ್ಮೆ ಕೂಗಿದ್ದು ಕೇಳಿತು. ಅದರ ಬೆನ್ನಿಗೇ ಅತ್ತೆಯ ದನಿ. "ಕೈ ಬಿಟ್ಟಾ? ಕೊನೀ ಬುರುಡಿ ಬಿಚ್ಚಬ್ಯಾಡಂತ ಹೇಳಂದಿದ್ನಿಲ್ಲ? ಮಂದಿ ಮನೀ ಸೊಸಿನ್ನ ಮುಗಲಾಗ ಕರಕೊಂಡು ಹೋಗಿ ನಡುವ ಕೈ ಬಿಡೂದಂದ್ರ ಅಂವ ಎಂಥಾ ಮಾಸ್ತರ? ಕೊಡ ಅವಗ ಫೋನ್!"

ಕೊಟ್ಟೆ. ಅವರು ಮರಾಠಿಯವರೆಂದು ಗೊತ್ತಾದದ್ದೇ ತಡ, ಅತ್ತೆ ಉಸಿರು ತೆಗೆದುಕೊಳ್ಳದೆ ಮರಾಠಿಗೆ ಹೊರಳಿದರು. ಮಿಲಿಟರಿ ಮಾಸ್ತರರು ಸೆಟೆದು ನಿಂತು, "ಹೋ ಆಯಿ... ಚುಕಲಂ ಆಯಿ," ಎಂದು ತಪ್ಪೊಪ್ಪಿಕೊಳ್ಳತೊಡಗಿದರು. ಇದು ಬೇಗ ಮುಗಿಯುವ ಮಾತಲ್ಲ ಎಂದುಕೊಂಡು ನೀರು ಕುಡಿಯಲು ಹೊರಟೆ. ಯಾರೋ ಹಿಂದಕ್ಕೆ ಎಳೆದಂತಾಯಿತು.

ತಿರುಗಿ ನೋಡಿದರೆ, ಒಂದು ಕೈಯಲ್ಲಿ ಫೋನ್ ಹಿಡಿದ ಮಾಸ್ತರರು ಇನ್ನೊಂದು ಕೈಯಿಂದ ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದಿದ್ದರು.

"ಹೆದರಬ್ಯಾಡ್ರಿ ಮಾಸ್ತರ, ಬಿಡ್ರಿ. ಪಕ್ಕದಾಗ ಇರ್ತೀನಿ," ಎಂದೆ.

ಅವರು ಬಿಡಲಿಲ್ಲ.