ಚಂದ್ರಿಯ ಉಪವಾಸ

ನನ್ನ ಹೆಂಡತಿ ಕಾಂಚನಾಳಿಗೆ ನನ್ನ ಮೇಲೆ ಒಂದೇ ಒಂದು ವಿಷಯದಲ್ಲಿ ನಂಬಿಕೆಯಿಲ್ಲ: ನಾನು ಮಾಡುವ ಕೆಲಸದಲ್ಲಿ. ಐಗಳಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿರುವ ನಾನು ಕಾಯಿಪಲ್ಯೆ ತರಲು ಹೊರಟರೂ ಹಿಂದೆ ಇನ್ನೊಬ್ಬರನ್ನು ಅಟ್ಟುತ್ತಾಳೆ. ಹಾಗಾಗಿ ಆ ವರ್ಷ ನಮ್ಮೂರ ದನದ ದವಾಖಾನೆಯಲ್ಲಿ ನಾಯಿಗಳಿಗೆ ಮರಿಯಾಗದಂತೆ ಆಪರೇಶನ್ ಮಾಡುವ ಶಿಬಿರ ನಡೆಯುತ್ತದೆ ಎಂದಾಗ ನಾನು ಸ್ವಯಂಸೇವಕನಾದೆ. ಸಮಾಜಸೇವೆ ಗಿಮಾಜಸೇವೆ ಎಂದು ಸುಳ್ಳು ಹೇಳುವುದಿಲ್ಲ. ಹೆಂಡತಿಯ ಮುಂದೆ ಒಮ್ಮೆಯಾದರೂ ತಲೆಯೆತ್ತಿ ನಿಲ್ಲಬೇಕಿತ್ತು.

ಶಿಬಿರವನ್ನು ಊರಿಗೆ ತರಿಸಿದವಳೇ ಕಾಂಚನಾ. ನಮ್ಮ ನಾಯಿ ಚಂದ್ರಿ ಹಿಂದಿನ ಸಲ ಆರು ಮರಿ ಹಾಕಿತ್ತು. ಎರಡಕ್ಕೆ ಮನೆ ಸಿಕ್ಕಿತು. ಉಳಿದ ನಾಲ್ಕು ಕಬ್ಬಿನ ಟ್ರ್ಯಾಕ್ಟರುಗಳ ಗಾಲಿಗೆ ಒಂದೊಂದಾಗಿ ಹೋದವು. ಪ್ರತಿಸಲವೂ ಹಿತ್ತಲಲ್ಲಿ ತಗ್ಗು ತೋಡಿದವಳು ಅವಳೇ. ನಾಲ್ಕನೆಯದಕ್ಕೆ ಮಣ್ಣು ಹಾಕಿ ಬಂದು, "ಇನ್ನ ನನ್ನ ಕಡಿಂದ ಆಗೂದಿಲ್ರಿ" ಎಂದು ಕೈಯನ್ನೂ ತೊಳೆಯದೆ ಕುಳಿತುಬಿಟ್ಟಳು. ಆಮೇಲೆ ಬೆಳಗಾವಿಗೆ ಹತ್ತು ಸಲ ಫೋನು ಮಾಡಿ ಡಾಕ್ಟರ್ ಸರಿತಾ ಅವರನ್ನು ಒಪ್ಪಿಸಿದಳು. ಅವರು ಬರುವುದು ಒಂದೇ ದಿನ, ಮತ್ತೆ ಬರುವುದು ಮುಂದಿನ ವರ್ಷ. ಅಷ್ಟರಲ್ಲಿ ಚಂದ್ರಿ ಬಸುರಾಗುವುದು ಖಾತ್ರಿ (ಓಣಿಯ ಗಂಡುನಾಯಿಗಳು ಆಗಲೇ ನಮ್ಮ ಗೇಟಿಗೆ ಹಾಜರಿ ಹಾಕತೊಡಗಿದ್ದವು).

ನನಗೆ ಒಪ್ಪಿಸಿದ್ದು ಎರಡೇ ಕೆಲಸ: ದಿನ ಗೊತ್ತು ಮಾಡುವುದು, ನಾಯಿಗಳು ಖಾಲಿ ಹೊಟ್ಟೆಯಲ್ಲಿ ಬರುವಂತೆ ನೋಡಿಕೊಳ್ಳುವುದು. ಹೊಟ್ಟೆಯಲ್ಲಿ ಕೂಳಿದ್ದರೆ ಮಂಪರಿನಲ್ಲಿ ವಾಂತಿಯಾಗಿ ಜೀವಕ್ಕೇ ಅಪಾಯವಂತೆ. ಉಪವಾಸ ಖಾತೆಯ ಸರ್ವಾಧಿಕಾರಿಯಾದ ನಾನು ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಮನೆಮನೆಗೆ ಚೀಟಿ ಹಂಚಿದೆ. ದಿನ, ರವಿವಾರ. ಶಾಲೆಗೆ ಸೂಟಿ, ನನಗೆ ಅನುಕೂಲ.

ರವಿವಾರ ನಮ್ಮಲ್ಲಿ ಖಂಡೋಬ ದೇವರ ವಾರ. ನಾಯಿ ಖಂಡೋಬನ ಬಂಟ. ಅವತ್ತು ನಾಯಿಗೆ ಹಾಕದೆ ನಮ್ಮ ಓಣಿಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಇದು ನನ್ನ ಗಣಿತದ ತಲೆಗೆ ಹೊಳೆಯಲೇ ಇಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಮುದುಕಿ ಸೋನಾಬಾಯಿ. ಅವಳ ನಾಯಿಯ ಹೊಟ್ಟೆ ನಗಾರಿಯಾಗಿತ್ತು.

"ಆಯಿ, ಏನರ ತಿನಿಸೀಯೇನು?"

"ಇಲ್ಲೋ ಯಪ್ಪಾ! ಚೀಟಿ ಓದಿಸಿ ಕೇಳೇನಿ. ಬರೇ ನೈವೇದ್ಯ ಹಾಕೇನಿ."

"ನೈವೇದ್ಯ ಅಂದ್ರ?"

"ಎರಡ ರೊಟ್ಟಿ, ಬದನಿಕಾಯಿ ಭರೀತ, ಚೂರ ಹಾಲು."

"ಅದು ಊಟ ಅಲ್ಲೇನು?"

"ಊಟ ನಾಯೀದು, ನೈವೇದ್ಯ ದೇವರದು. ಮಾಸ್ತರ ಆಗಿ ಇಷ್ಟ ತಿಳಿಯೂದಿಲ್ಲೇನ ನಿನಗ?"

ಹಿಂದೆಯೇ ಬಂದ ಬಾಳಾಸಾಬ ಕೈ ಮುಗಿದ. "ದೇವರ ಪಾಲ ಹೆಂಗ ತಪ್ಪಸ್ಲಿರಿ ಸರ?" ಹೀಗೆ ಬಂದ ಹನ್ನೊಂದು ನಾಯಿಗಳೂ ಹೊಟ್ಟೆ ತುಂಬ ಪ್ರಸಾದ ಹೊತ್ತು ಬಂದಿದ್ದವು. ನನಗೆ ಪಿತ್ತ ನೆತ್ತಿಗೇರಿತು.

"ಒಂದ ದಿನ ಮನಸ ಗಟ್ಟಿ ಮಾಡಾಕ ಆಗೂದಿಲ್ಲೇನ್ರಿ ನಿಮಗ? ನಮ್ಮ ಚಂದ್ರಿನ್ನ ನೋಡ್ರಿ! ನಿನ್ನೆ ಸಂಜಿಂದ ಉಪಾಸ ಐತಿ!"

(ಇಲ್ಲಿ ನಿಮಗೊಂದು ಮಾತು, ಕಾಂಚನಾಳಿಗೆ ಹೇಳಬೇಡಿ. ಬೆಳಿಗ್ಗೆ ಅವಳು ಜಳಕಕ್ಕೆ ಹೋದಾಗ ಚಂದ್ರಿ ನನ್ನ ಪಾದದ ಮೇಲೆ ಗದ್ದ ಇಟ್ಟು ಮೇಲೆ ನೋಡಿತು. ನಾನೂ ಮನುಷ್ಯ. ಒಂದು ಚೂರು ಶೇಂಗಾ ಹೋಳಿಗೆ ಕೊಟ್ಟೆ. ಚೂರನ್ನು ಯಾರಾದರೂ ಊಟ ಅನ್ನುತ್ತಾರೆಯೇ?)

ನನ್ನ ಭಾಷಣ ನಡೆದಿರುವಾಗಲೇ ಡಾಕ್ಟರು ಕಾಂಚನಾ ಹಿಡಿದುಕೊಂಡಿದ್ದ ಚಂದ್ರಿಗೆ ಮಂಪರಿನ ಮೊದಲ ಸೂಜಿ ಚುಚ್ಚಿದರು. ಐದು ನಿಮಿಷಕ್ಕೆ ಚಂದ್ರಿ ತೂರಾಡುತ್ತ ಎದ್ದು ಬಂದು, ಸರಿಯಾಗಿ ನನ್ನ ಚಪ್ಪಲಿಯ ಪಕ್ಕದಲ್ಲಿ ಎಲ್ಲವನ್ನೂ ಕಕ್ಕಿತು. ಬಾಳಾಸಾಬ ಬಗ್ಗಿ ಪರೀಕ್ಷಿಸಿದ.

"ಸರ, ಇದು ಶೇಂಗಾ ಹೋಳಿಗಿ ಕಂಡಂಗ ಕಾಣತೈತಿ."

"ಒಂದ ಅಲ್ಲ, ಮೂರದಾವ" ಎಂದಳು ಸೋನಾಬಾಯಿ. "ಗಣಿತದ ಮಾಸ್ತರ ನೀನ ಎಣಸೋ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಂಚನಾ ನಗಲಿಲ್ಲ. ಸೆರಗಿನಿಂದ ಚಂದ್ರಿಯ ಬಾಯಿ ಒರೆಸಿದಳು.

"ಅವರು ಖಂಡೋಬನ ಸಲುವಾಗಿ ಹಾಕಿದ್ರು. ನೀವು ಯಾರ ಸಲುವಾಗಿ ಹಾಕಿದ್ರಿ?"

"ಅದು... ನನ್ನ ನೋಡ್ತು."

"ನೋಡ್ತಂತ ನೋಡ್ತು! ಮಲಗಿದಾಗ ಗಂಟಲದಾಗ ಸಿಕ್ಕಿದ್ರ ಏನ ಮಾಡ್ತಿದ್ರಿ?"

ಐದನೆಯ ತಗ್ಗನ್ನು ನಾನೇ ತೋಡಿಸುತ್ತಿದ್ದೆನಲ್ಲ ಎಂದು ನಾಚಿಕೆಯಿಂದ ನೆಲ ನೋಡಿದೆ. ಇನ್ನೊಂದು ದಿನ ಇರಿ ಎಂದು ಡಾಕ್ಟರ ಕೈಹಿಡಿದು ಬೇಡಿಕೊಂಡವಳು ಕಾಂಚನಾ. ಅವರು ನಿಟ್ಟುಸಿರು ಬಿಟ್ಟು, "ನಾಳೆ ಸತ್ತಿ ಊರಾಗ ಇದ್ದ ಶಿಬಿರ ಮಂಗಳವಾರಕ್ಕ ಹಾಕತೀನಿ. ಎಲ್ಲಾರೂ ನಾಳೆ ಮುಂಜಾನೆ ಬರ್ರಿ. ಆದ್ರ ಉಪಾಸದ ಕೆಲಸಾ ಬ್ಯಾರೆದವರಿಗೆ ಕೊಡ್ರಿ" ಎಂದರು.

ನನ್ನ ಎದೆಯ ಬಿಲ್ಲೆ ಸೋನಾಬಾಯಿಯ ಸೆರಗಿಗೆ ಹೋಯಿತು. ಆಯಿ ತಡಮಾಡಲಿಲ್ಲ. ಸಂಜೆಯಾಗುವುದರೊಳಗೆ ನಮ್ಮ ಮನೆಯ ರೊಟ್ಟಿ, ಹೋಳಿಗೆ, ಚುರುಮುರಿ ಡಬ್ಬಿ ಎಲ್ಲವೂ ಅವಳ ಮನೆಗೆ ಸಾಗಿದವು. ನಾನು ಅಲ್ಲೇ ಹೋಗಿ ಉಂಡು, ಕೈ ತೊಳೆದು, ಕಿಸೆ ತೋರಿಸಿ ಬರಬೇಕು ಎಂದು ಅಪ್ಪಣೆಯಾಯಿತು. ಹಾಗೇ ಮಾಡಿದೆ.

ಸೋಮವಾರ ಹನ್ನೆರಡು ನಾಯಿಗಳೂ ಖಾಲಿ ಹೊಟ್ಟೆಯಲ್ಲಿ ಬಂದವು. ಮೊದಲ ಸರದಿ ಚಂದ್ರಿಯದು. ರಜೆ ಹಾಕಿ ಬಂದ ನಾನು ಬಾಗಿಲ ಹೊರಗೆ ಅತ್ತಿತ್ತ ನಡೆದು ಅಂಗಾಲು ಸವೆಸಿದೆ. ಡಾಕ್ಟರು ಹೊರಗೆ ಬಂದು, "ಛಲೋ ಆತ್ರಿ, ಇನ್ನ ಮರಿ ಚಿಂತಿ ಇಲ್ಲ" ಎಂದಾಗ ಕಾಂಚನಾ ನನ್ನ ತೋಳಿಗೆ ಹಣೆ ಹಚ್ಚಿ ಅತ್ತಳು. ಅತ್ತದ್ದು ಖುಷಿಗೆ. ನನ್ನ ಕಣ್ಣೂ ಒದ್ದೆಯಾಯಿತು.

ಗೋಣಿತಟ್ಟಿನ ಮೇಲೆ ಚಂದ್ರಿ ಅರೆಗಣ್ಣು ತೆರೆದು ನನ್ನನ್ನೇ ನೋಡಿತು. ಕೈ ತಾನಾಗಿಯೇ ಕಿಸೆಗೆ ಹೋಯಿತು.

"ಸಂಜೀ ತನಕ ಏನೂ ಕೊಡಬ್ಯಾಡ್ರಿ" ಎಂದರು ಡಾಕ್ಟರು. ಸಾಲಿನಲ್ಲಿದ್ದವರೆಲ್ಲ ನನ್ನ ಕಿಸೆಯತ್ತ ತಿರುಗಿದರು. ಕಾಂಚನಾ ಕಣ್ಣೊರೆಸಿಕೊಂಡು ಅಂಗೈ ಚಾಚಿದಳು. ಹಾದಿಯಲ್ಲಿ ಕೊಂಡಿದ್ದ ಬಿಸ್ಕೀಟಿನ ಪುಡಿಕೆ ಹೊರಗೆ ಬಂತು.

"ಇದು ಎಲ್ಲಾ ಮುಗದ ಮ್ಯಾಲೆ..."

"ಒಡೀರಿ. ತಿನ್ರಿ. ನನ್ನ ಮುಂದ."

ಹನ್ನೊಂದು ಹಸಿದ ನಾಯಿಗಳ, ಅವುಗಳ ಮಾಲೀಕರ ಕಣ್ಣೆದುರು ನಿಂತು ಒಂದೊಂದೇ ಬಿಸ್ಕೀಟು ಅಗಿದೆ. ನಡುವೆ ಗಂಟಲು ಕಟ್ಟಿದಾಗ ಕಾಂಚನಾಳೇ ನೀರು ಕೊಟ್ಟಳು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಕೊನೆಯದು ಮುಗಿಯುತ್ತಲೇ ಸೋನಾಬಾಯಿ ಬಂದು ನನ್ನ ಗದ್ದ ಹಿಡಿದಳು.

"ಬಾಯಿ ತೆಗಿಯೋ ಮಾಸ್ತರಾ, ನುಂಗೀಯೋ ಇಲ್ಲೋ ನೋಡೂಣು."

ತೆಗೆದೆ.