ಕೈತಪ್ಪಿದ ಚಕ್ರದ ಮನೆ

ಮನೆಗೆ ಚಕ್ರ ಇರಬಾರದು ಎಂಬುದು ನನ್ನ ಅಭಿಪ್ರಾಯ. ಮನೆ ಎಂದರೆ ಕಟ್ಟಿದಲ್ಲೇ ಇರಬೇಕು, ಓಡಾಡುವುದಕ್ಕೆ ಗಂಡಸರಿದ್ದಾರೆ. ನನ್ನ ಗಂಡ ಲಾರಿ ಓಡಿಸುತ್ತಿದ್ದರು. ವಾರಕ್ಕೊಮ್ಮೆ ಮನೆಗೆ ಬಂದರೂ ಮಂಚದಲ್ಲಿ ನಿದ್ದೆ ಬಾರದೆ, ಹೊರಗೆ ನಿಂತ ಲಾರಿಗೇ ಹೋಗಿ ಮಲಗುತ್ತಿದ್ದರು. ಗೊರಕೆ ಮಾತ್ರ ಮನೆಯೊಳಗೆ ಬರುತ್ತಿತ್ತು. ಅಂಥವರ ಜೊತೆ ಬಾಳ್ವೆ ಮಾಡಿದವಳು ನಾನು. ಈ ಪ್ರಾಯದಲ್ಲಿ ನನ್ನನ್ನೂ ಗಾಡಿಯಲ್ಲಿ ಮಲಗಿಸಲು ಮಗ ಹೊರಟರೆ ಸಿಟ್ಟು ಬರುವುದಿಲ್ಲವೇ?

ಚರ್ಚಿನಲ್ಲಿ ಮೊಮ್ಮಗಳ ಮೊದಲ ಪರಮಪ್ರಸಾದದ ಹಬ್ಬಕ್ಕೆಂದು ಒಂದು ತಿಂಗಳ ಮಟ್ಟಿಗೆ ಕಾರ್ಕಳದ ಕಡೆಯಿಂದ ಅಬುಧಾಬಿಗೆ ಬಂದಿದ್ದೆ. ಕೊರೊನಾ ಬಂತು, ವಿಮಾನ ನಿಂತಿತು. ವಿಮಾನ ಹಾರತೊಡಗಿದಾಗ ಊರಲ್ಲಿ ಕಾಯಿಲೆ ಜೋರು. ನಾನು ಇಲ್ಲೇ ಉಳಿದೆ. ಖಲೀಫಾ ಸಿಟಿಯ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆಗಳಲ್ಲಿ ಮಗ ಲ್ಯಾನ್ಸಿಯ ಬಿಡಾರ. ಒಂದರಲ್ಲಿ ಅವನೂ ಸೊಸೆ ಜೆಸಿಂತಾಳೂ ಎದುರುಬದುರು ಕುಳಿತು ಆಫೀಸು ಮಾಡುತ್ತಾರೆ. ಇನ್ನೊಂದರಲ್ಲಿ ನಾನು ಮತ್ತು ಮೊಮ್ಮಗಳು ರಿಯಾ. ಅವಳ ಆನ್‌ಲೈನ್ ಕ್ಲಾಸು ಶುರುವಾದರೆ ನಾನು ಕೆಮ್ಮಬಾರದು, ತೇಗಬಾರದು, ಜಪಮಾಲೆ ಹೇಳುವಾಗ ತುಟಿ ಅಲುಗಬಾರದು. ಒಮ್ಮೆ ಒಳಲಂಗ ಮಡಚುತ್ತ ಅವಳ ಹಿಂದೆ ಹಾದುಹೋದೆ. "ಗ್ರ್ಯಾನಿ, ಹೋಲ್ ಕ್ಲಾಸ್ ಸಾ ಯೂ" ಎಂದವಳು ಎರಡು ದಿನ ಮಾತಾಡಲಿಲ್ಲ.

"ಬಾಗಿಲು ಹಾಕಿಕೊಳ್ಳಲಿಕ್ಕೆ ನನಗೊಂದು ಜಾಗ ಕೊಡು ಪುತಾ" ಎಂದೆ ಮಗನಿಗೆ.

"ಕ್ಯಾರವಾನ್ ತಗೊಳ್ಳುವ ಮಾಂಯ್. ಕಾಂಪೌಂಡಲ್ಲಿ ನಿಲ್ಲಿಸಿದ್ರೆ ಆಯ್ತು. ಮಂಚ, ಅಡುಗೆಮನೆ, ಬಾತ್‌ರೂಮು ಎಲ್ಲ ಉಂಟು ಅದರಲ್ಲಿ."

"ಹೊರಗೆ ಹಾಕ್ತೇನೆ ಅಂತ ಬಾಯಿಬಿಟ್ಟು ಹೇಳು. ನಾಯಿಗೂಡಿಗೂ ಚಕ್ರ ಇರೂದಿಲ್ಲ."

ಅವನಾದರೂ ನನ್ನ ಮಗನೇ, ಹಟ ಬಿಡಲಿಲ್ಲ. ದೊಡ್ಡ ಹಾಲ್‌ನಲ್ಲಿ ಇಂಥ ಗಾಡಿಗಳ ಪ್ರದರ್ಶನವಿತ್ತು. ನಮ್ಮ ಗೇಟಿನಲ್ಲಿ ನುಗ್ಗುವಷ್ಟು ಚಿಕ್ಕದು ಅಲ್ಲಿ ಒಂದೇ ಒಂದು ಇದೆಯಂತೆ. "ನಿನಗೆ ಹಿಡಿಸಿದ್ರೆ ಇವತ್ತೇ ಮುಗಿಸುವ, ಇಲ್ಲದಿದ್ರೆ ಖಲಾಸ್" ಎಂದ. ಹಿಡಿಸಬಾರದು ಎಂದು ತೀರ್ಮಾನಿಸಿಯೇ ನಾನು ಹೊರಟೆ.

ಆಗ ಮೂಗಿಗೆ ಕಡ್ಡಿ ತುರುಕಿಸಿಕೊಂಡರೆ ಕೊರೊನಾ ಇಲ್ಲವೆಂದು ಮೊಬೈಲಿನಲ್ಲಿ ಹಸಿರು ಬರುತ್ತಿತ್ತು. ಹಸಿರು ತೋರಿಸಿದರೆ ಮಾತ್ರ ಒಳಗೆ. ಬಸಳೆ ಕೊಳ್ಳುವಾಗ ನಾನೂ ಹೀಗೆಯೇ ನೋಡುವುದು. ಒಳಗೆ ನೋಡಿದರೆ ಸಾಲುಸಾಲು ಗಾಡಿಮನೆಗಳು, ಮಾಸ್ಕ್ ಹಾಕಿದ ಜನಜಾತ್ರೆ. ಮನೆಯಲ್ಲೇ ಇರಿ, ಮನೆಯಲ್ಲೇ ಇರಿ ಎಂದು ಹೇಳಿಸಿಕೊಂಡು ಸಾಕಾಗಿ, ಮನೆಯನ್ನೇ ಎಳೆದುಕೊಂಡು ಹೊರಗೆ ಹೋಗಲು ಎಲ್ಲರೂ ಹೊರಟಂತಿತ್ತು. ಒಂದು ಗಾಡಿಗೆ ಒಂದೇ ಕುಟುಂಬ ಹತ್ತಬೇಕು. ಅವರು ಇಳಿದ ಮೇಲೆ ಔಷಧಿ ಸಿಂಪಡಿಸಿ ಕಾಲು ಗಂಟೆ ಬಾಗಿಲು ಹಾಕಿಡುವುದು ಕಾನೂನು.

ನಮ್ಮ ಸರದಿ ಬಂತು. ಒಲೆ ಚಿಕ್ಕದು, ಬಂಗುಡೆ ಮೀನು ಅಡ್ಡ ಮಲಗುವುದಿಲ್ಲ ಎಂದೆ. ಕಿಟಕಿ ಕುಳ್ಳು ಎಂದೆ. ಬಾತ್‌ರೂಮಿಗೂ ಒಂದು ಕುಂದು ಹೇಳಬೇಕಲ್ಲ ಎಂದು ಒಳಹೊಕ್ಕೆ. ನಾನು ಮೊದಲೇ ಇಳಿದೆ ಎಂದುಕೊಂಡು ಮಗ, ಸೊಸೆ ಇಳಿದುಹೋದರು. ಮಾಸ್ಕ್ ಹಾಕಿದ ಮೇಲೆ ಯಾವ ಮುದುಕಿ ಯಾರ ತಾಯಿ ಎಂದು ಯಾರಿಗೆ ಗೊತ್ತಾಗುತ್ತದೆ? ನಾನು ಹೊರಬರುವಷ್ಟರಲ್ಲಿ ಸಿಂಪಡಿಸುವವನು ಬಾಗಿಲಲ್ಲೇ ನಿಂತು ಬುಸ್ಸೆಂದು ಹೊಡೆದು, ಹೊರಗಿನಿಂದ ಬೀಗ ಹಾಕಿ ಹೋಗಿದ್ದ.

ಬೊಬ್ಬೆ ಹಾಕಲು ಬಾಯಿ ತೆರೆದೆ. ಆಮೇಲೆ ಮುಚ್ಚಿದೆ. ಏನೂ ಕೇಳಿಸುತ್ತಿರಲಿಲ್ಲ. ಟೀಚರೂ ಇಲ್ಲ, ಆಫೀಸೂ ಇಲ್ಲ. ಏಳು ಜನ ಅಕ್ಕತಂಗಿಯರ ನಡುವೆ ಬೆಳೆದವಳು, ಮದುವೆಯಾದ ಮೇಲೆ ಅತ್ತೆಯ ಮಗ್ಗುಲಲ್ಲಿ ಮಲಗಿದವಳು, ಈಗ ಕ್ಯಾಮೆರಾದ ಹಿಂದೆ ಬಗ್ಗಿ ನಡೆಯುವವಳು ನಾನು. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಇದ್ದದ್ದು ಇದೇ ಮೊದಲು. ಅದನ್ನೂ ಬೇರೆಯವರೇ ಹಾಕಬೇಕಾಯಿತು. ಮಂಚದಲ್ಲಿ ಕಾಲು ಚಾಚಿದೆ. ಜೋರಾಗಿ ಕೆಮ್ಮಿದೆ. ತೇಗಿದೆ. ಬಂಗುಡೆಯನ್ನು ತುಂಡು ಮಾಡಿ ಹುರಿದರಾಯಿತು ಎನ್ನಿಸಿತು. ಮಗ ಬಂದ ಕೂಡಲೇ ಆಗಬಹುದು ಎಂದುಬಿಡುವುದು ಎಂದು ನಿಶ್ಚಯಿಸಿದೆ.

ಬಾಗಿಲು ತೆರೆಯಿತು. ಬಂದವನು ಮಗನಲ್ಲ, ಗಾಡಿ ಮಾರುವವನು. ಹಿಂದೆ ಒಬ್ಬ ಅರಬ್ಬಿ ಹೆಂಗಸು, ಅವಳ ಗಂಡ.

"ಬಾಗಿಲು ಬಡಿಯದೆ ಬರೂದಾ? ಚಪ್ಪಲಿ ಹೊರಗೆ ಬಿಡಿ" ಎಂದು ಕೈತೋರಿಸಿದೆ. ಅವಳು ಮರುಮಾತಿಲ್ಲದೆ ಬಿಟ್ಟಳು. ಮಾರುವವನೂ ಗಾಬರಿಯಲ್ಲಿ ಬೂಟು ಬಿಚ್ಚಿದ. ಅವಳು ಅಡುಗೆಕಟ್ಟೆ ಸವರಿ, ನನ್ನ ಕಡೆ ತಿರುಗಿ ತಾಯಿಯನ್ನು ಕರೆದಂತೆ ಮರ್ಯಾದೆಯಿಂದ ಕೇಳಿದಳು: "ಮಾಮಾ, ಜೈನ್?"

ನಮ್ಮ ಕಾರ್ಕಳದಲ್ಲಿ ಜೈನರು ಬೇಕಾದಷ್ಟು ಇದ್ದಾರೆ, ಒಳ್ಳೆಯ ಜನ. ಆದರೆ ಅಲ್ಲದ್ದನ್ನು ಹೌದು ಎನ್ನಬಾರದಲ್ಲ. "ಜೈನ್ ಅಲ್ಲ" ಎಂದೆ. ಅರ್ಥವಾಗಲಿ ಎಂದು ಎದೆ ಮುಟ್ಟಿಕೊಂಡು ಇನ್ನೊಮ್ಮೆ ಬಿಡಿಸಿ ಹೇಳಿದೆ: "ಜೈನ್... ಅಲ್ಲ."

ಅವಳ ಕಣ್ಣು ಅರಳಿತು. "ಮಾಶಾಅಲ್ಲಾ" ಎಂದು ಗಂಡನ ಕಡೆ ತಿರುಗಿದಳು. ಗಂಡ ಮಾರುವವನ ಕಡೆ ತಿರುಗಿದ. ನನ್ನನ್ನು ಹುಡುಕುತ್ತ ಲ್ಯಾನ್ಸಿ ಬರುವಷ್ಟರಲ್ಲಿ ಗಾಡಿಯ ಮೇಲೆ 'ಮಾರಾಟವಾಗಿದೆ' ಎಂಬ ಚೀಟಿ ಅಂಟಿಸಿಯಾಗಿತ್ತು.

"ಅಯ್ಯೋ ಮಾಂಯ್, ಜೈನ್ ಅಂದ್ರೆ ಅರಬ್ಬಿಯಲ್ಲಿ ಚೆನ್ನಾಗಿದೆ ಅಂತ. ನೀನು ದೇವರ ಹೆಸರು ಬೇರೆ ಹೇಳಿದಿ" ಎಂದು ನಡೆದದ್ದನ್ನು ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಗ್ಲಿ, ನಿನಗೆ ಹೇಗೂ ಬೇಡ ಇತ್ತಲ್ಲ."

"ಹೌದು" ಎಂದೆ. ಬೆಳಗಿನಿಂದ ಅಷ್ಟು ಕುಂದು ಹೇಳಿದ ಬಾಯಿಯಿಂದ ಬೇರೇನು ಹೇಳುವುದು?

ಕಾರಿನಲ್ಲಿ ಜೆಸಿಂತಾ ಕೇಳಿದಳು: "ಅಷ್ಟು ಹೊತ್ತು ಒಳಗೆ ಒಬ್ಬರೇ ಎಂಥ ಮಾಡಿದ್ದು ಮಾಂಯ್?"

"ಕುಂದು ಹುಡುಕಿದೆ."

"ಸಿಕ್ಕಿತಾ?"

"ಒಂದು ಸಿಕ್ಕಿತು" ಎಂದೆ. "ಅದರ ಬಾಗಿಲನ್ನು ಹೊರಗಿನಿಂದಲೂ ತೆಗೀಲಿಕ್ಕೆ ಆಗ್ತದೆ."